ಗೋಡೆಯೊಳಗಿನ ಗದ್ದಲ

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಹಳೆಯ ಮಣ್ಣಿನ ಮಾಳಿಗೆಯ ಮನೆಗಳಿಗೆ ನೀರು ಕೊಡದಲ್ಲಿ ಬರುತ್ತಿದ್ದುದರಿಂದ ಅವುಗಳ ದಪ್ಪ ಗೋಡೆಗಳು ತೆಪ್ಪಗಿದ್ದವು. ಪೈಪು ಕಣ್ಣಿಗೆ ಬಿದ್ದರೆ ಮನೆಯ ಮಾನ ಹೋದಂತೆ ಎಂಬ ಭಾವನೆ ಬೆಳೆದು, ಅದನ್ನು ಗೋಡೆಯಲ್ಲಿ ಹೂತು ಮೇಲೆ ಟೈಲ್ಸ್ ಹಚ್ಚುವ ‘ಕನ್ಸೀಲ್ಡ್’ ಪದ್ಧತಿ ಬಂದ ಮೇಲೆ ಗೋಡೆಗಳಿಗೂ ಬಾಯಿ ಬಂತು.

ನಡುರಾತ್ರಿ ಸದ್ದಾದೊಡನೆ ಮನೆಯಲ್ಲಿ ಪಕ್ಷಗಳಾಗುತ್ತವೆ. “ಗ್ವಾಡ್ಯಾಗ ಯಾರೋ ಬಡದಂಗ ಆತು ನೋಡಪಾ” ಎಂದು ಅಜ್ಜಿ ಎದ್ದು ಕೂತರೆ, ಯಜಮಾನರು ಇಲಿಯೆಂದು ತೀರ್ಪಿತ್ತು ಮಗ್ಗುಲು ಬದಲಿಸುತ್ತಾರೆ. ಮರುದಿನ ಬಂದ ಪ್ಲಂಬರ್ ಸ್ಟೀಲ್ ಲೋಟವನ್ನು ಗೋಡೆಗಾನಿಸಿ, ನಾಡಿ ಹಿಡಿದ ವೈದ್ಯನಂತೆ ಕಣ್ಣು ಮುಚ್ಚಿ ಆಲಿಸಿ, ತಪ್ಪು ಜಾಗವನ್ನು ತೋರಿಸುತ್ತಾನೆ. ಸದ್ದು ಪೈಪಿನುದ್ದಕ್ಕೂ ಓಡಿ ಗೋಡೆಗೆ ಹಬ್ಬುವುದರಿಂದ ಬಚ್ಚಲಿನ ಪೆಟ್ಟು ದೇವರ ಕೋಣೆಯಲ್ಲಿ ಕೇಳಿಸುವುದುಂಟು. ಅದರಿಂದ ಭಕ್ತಿ ಹೆಚ್ಚಿದ ಮನೆಗಳೂ ಇರಬಹುದು.

ರಭಸದಿಂದ ಹರಿಯುವ ನೀರನ್ನು ನಲ್ಲಿ ಥಟ್ಟನೆ ತಡೆದಾಗ ಅದರ ವೇಗ ಒತ್ತಡವಾಗಿ ಮಾರ್ಪಟ್ಟು, ಅಲೆಯಾಗಿ ಹಿಂದಕ್ಕೋಡಿ, ಸಡಿಲಾದ ಪೈಪನ್ನು ಗೋಡೆಗೆ ಬಡಿಯುವುದಕ್ಕೆ ‘ವಾಟರ್ ಹ್ಯಾಮರ್’ ಎನ್ನುತ್ತಾರೆ. ಮಾಸ್ಕೋದ ನೀರಿನ ಕೊಳವೆಗಳ ಮೇಲೆ ಪ್ರಯೋಗ ನಡೆಸಿ ವಿಜ್ಞಾನಿ ನಿಕೊಲಾಯ್ ಝುಕೊವ್‌ಸ್ಕಿ 1898ರಲ್ಲಿ ಮಂಡಿಸಿದ ಲೆಕ್ಕದ ಪ್ರಕಾರ, ಕಬ್ಬಿಣದ ಕೊಳವೆಯಲ್ಲಿ ಸೆಕೆಂಡಿಗೆ 1 ಮೀಟರ್ ಸಾಗುವ ನೀರು ಹಠಾತ್ತನೆ ನಿಂತರೆ 100 ಮೀಟರಿಗೂ ಹೆಚ್ಚು ಎತ್ತರದ ನೀರಿನ ಕಂಬದಷ್ಟು ಒತ್ತಡ ಹೆಚ್ಚುತ್ತದೆ. ಪಿವಿಸಿಯಲ್ಲಿ ಅದು ಅರ್ಧಕ್ಕಿಂತ ಕಡಿಮೆ, ಆದರೂ ಅಜ್ಜಿಯನ್ನು ಎಬ್ಬಿಸಲು ಸಾಕು. ಬೇಸಿಗೆಯದು ಬೇರೆ ರಾಗ. ಮಾಳಿಗೆಯ ಮೇಲಿನ 10 ಮೀಟರ್ ಪಿವಿಸಿ ಪೈಪು 20 ಡಿಗ್ರಿ ಹೆಚ್ಚು ಕಾದರೆ ಒಂದು ಸೆಂಟಿಮೀಟರಿಗೂ ಮೀರಿ ಹಿಗ್ಗಿ, ರಾತ್ರಿ ಕುಗ್ಗುವಾಗ ಕ್ಲ್ಯಾಂಪಿಗೆ ಉಜ್ಜಿ ಲೊಚಗುಟ್ಟುತ್ತದೆ; ಕೇಳಿದವರು ಹಲ್ಲಿಯೆಂದು ಪಂಚಾಂಗ ತೆರೆಯುತ್ತಾರೆ. ಇನ್ನು ನಳ ಬರುವ ಮುನ್ನ ಖಾಲಿ ಪೈಪಿನ ಗಾಳಿ ಬುಸುಗುಡುವುದಂತೂ, ತುಂಗಭದ್ರಾ ಎಡದಂಡೆ ಕಾಲುವೆ ಬತ್ತಿದ ದಿನಗಳಲ್ಲಿ, ಓಣಿಗೆಲ್ಲ ಮಂಗಳವಾದ್ಯ.

ಸದ್ದಿನ ಹೊತ್ತನ್ನು ಬರೆದಿಟ್ಟು, ಒಂದೊಂದೇ ವಾಲ್ವ್ ಮುಚ್ಚಿ ನೋಡುವುದು ಅಗ್ಗದ ಉಪಾಯವಾದರೂ ಉಳಿಯ ಮೇಲಿನ ಶ್ರದ್ಧೆ ದೊಡ್ಡದು. ಹುಡುಕಿದವರಿಗೆ ಬೇರೇನೋ ಸಿಗುವುದುಂಟು: ಚಿನ್ನ ಹುಡುಕುತ್ತಿದ್ದ ಎಂಜಿನಿಯರ್ ಬೀಡನ್‌ಗೆ 1915ರಲ್ಲಿ ಮಸ್ಕಿಯಲ್ಲಿ ಅಶೋಕನ ಶಾಸನ ಸಿಕ್ಕಿತು. ಸದ್ದು ಹುಡುಕಿ ಗೋಡೆ ಒಡೆಸಿದವರಿಗೆ ಅಂಥ ಅದೃಷ್ಟವಿಲ್ಲ, ಸಿಗುವುದು ಒಣಗಿದ ಪೈಪು. ಸದ್ದು ಪಕ್ಕದ ಮನೆಯದು: ಮೋಟರ್ ನಿಂತಾಗ ಮೇಲೇರಿದ ನೀರು ಹಿಂದಕ್ಕಿಳಿಯದಂತೆ ತಡೆಯುವ ‘ಎನ್‌ಆರ್‌ವಿ’ಯ ಮುಚ್ಚಳ ಬೀಳುವ ಸದ್ದು. ಒಡೆದ ಟೈಲ್ಸಿನ ಹೂವು ಮಾತ್ರ ಲಿಂಗಸುಗೂರಿನ ಅಂಗಡಿಯಲ್ಲೂ ಇರುವುದಿಲ್ಲ.