ತಳ್ಳಿ ನೋಡುವವರು

ಕೆಲಸ ಮಾಡಿದವನಿಗೆ ಊರಲ್ಲಿ ಮರ್ಯಾದೆ ಇದೆ. ಅವನು ಮಾಡಿದ್ದನ್ನು ತಳ್ಳಿ, ಜಗ್ಗಿ, ಎಲ್ಲಿ ಮುರಿಯುತ್ತದೆ ಎಂದು ನೋಡುವವನಿಗೆ ಇಲ್ಲ. ಹೊಸ ಮಂಚದ ಮೇಲೆ ಕುಣಿದು ನೋಡುವ ಹುಡುಗನಿಗೆ ಸಿಗುವುದು ಬೆನ್ನ ಮೇಲೊಂದು ಗುದ್ದು. ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಹಾಗೆ ಕುಣಿಯುವುದಕ್ಕೇ ಸಂಬಳ ತೆಗೆದುಕೊಳ್ಳುತ್ತಾನೆ. ನೆಟ್‌ವರ್ಕ್ ಪರೀಕ್ಷಿಸುವ ಸಾಫ್ಟ್‌ವೇರ್ ಬರೆಯುವ ತಂಡ ಅವನದು. ಮೊನ್ನೆ ಅದಕ್ಕೊಂದು ಪ್ರಶಸ್ತಿ ಬಂತು. ಗಾಜಿನ ಫಲಕವನ್ನು ಊರಿಗೆ ತಂದ. ಅಕ್ಕ ಅದನ್ನು ದೇವರ ಗೂಡಿನಲ್ಲಿಟ್ಟು, ಕುಂಕುಮ ಹಚ್ಚಿ, “ಅದೇನು ಕೆಲಸಕ್ಕೆ ಕೊಟ್ರೋ ಏನೋ, ಕೊಟ್ಟೋರು ಚೆನ್ನಾಗಿರಲಿ” ಎಂದಳು.

ನಮ್ಮ ನೇಮಕಲ್ಲಿನಲ್ಲಿ ಈ ಕೆಲಸವನ್ನು ವಿವರಿಸುವುದು ಕಷ್ಟವಾಗಬಾರದಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಹೋಯಿತು, ರಾಯದುರ್ಗ ಆಂಧ್ರದಲ್ಲಿ ಉಳಿಯಿತು, ಅದರೊಂದಿಗೆ ಗಡಿಯಂಚಿನ ನಮ್ಮೂರೂ. ನಾವು ಬೈಯುವುದು ಕನ್ನಡದಲ್ಲಿ, ಅರ್ಜಿ ಕೊಡುವುದು ತೆಲುಗಿನಲ್ಲಿ ಎಂದಾಯಿತು. ಮೊಬೈಲ್ ಬಂದ ಮೇಲೆ ಸಿಗ್ನಲ್ಲಿಗೂ ಅದೇ ಗತಿ. ಎಮ್ಮೆ ಅಟ್ಟಿಕೊಂಡು ಬಳ್ಳಾರಿ ದಿಕ್ಕಿಗೆ ನಡೆದವನನ್ನು ಫೋನು ಕರ್ನಾಟಕಕ್ಕೆ ಸ್ವಾಗತಿಸುತ್ತಿತ್ತು. ರೋಮಿಂಗ್ ದುಡ್ಡು ಕೀಳುತ್ತಿದ್ದ ಆ ಕಾಲದಲ್ಲಿ ಎಮ್ಮೆ ಹಿಂದಕ್ಕೆ ತಿರುಗಿದರೆ ಯಜಮಾನನಿಗೆ ಉಳಿತಾಯ. ಮಾಳಿಗೆ ಏರಿ, ಒಂದು ಕಾಲೆತ್ತಿ, “ಹಲೋ, ಈಗ ಕೇಳ್ತೈತಾ?” ಎಂದು ಕೂಗದವರು ನಮ್ಮೂರಲ್ಲಿ ಯಾರಿದ್ದಾರೆ? ಅಳಿಯ ಓದಿ ಕಲಿತದ್ದನ್ನು ನಾವು ಬಿಸಿಲಲ್ಲಿ ನಿಂತು ಕಲಿತಿದ್ದೆವು.

“ಅಷ್ಟೇ ಮಾವ, ನನ್ನ ಕೆಲಸವೂ ಅದೇ” ಎಂದ ಅವನು. ಇಂಟರ್ನೆಟ್ಟಿನ ಅತಿ ಪ್ರಸಿದ್ಧ ಪರೀಕ್ಷಾ ಸಾಧನದ ಹೆಸರು ಪಿಂಗ್. ಅದು ಇನ್ನೊಂದು ಕಂಪ್ಯೂಟರನ್ನು ‘ಇದ್ದೀಯಾ?’ ಎಂದು ಕೇಳುತ್ತದೆ. ಆ ಕಂಪ್ಯೂಟರ್ ‘ಇದ್ದೀನಿ’ ಎಂದರೆ, ಉತ್ತರ ಬರಲು ಎಷ್ಟು ಹೊತ್ತಾಯಿತೆಂದು ಬರೆದಿಡುತ್ತದೆ. 1983ರ ಡಿಸೆಂಬರಿನಲ್ಲಿ ಅಮೆರಿಕದ ಸೇನೆಯ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮೂಸ್ ಎಂಬಾತ ಕೈಕೊಟ್ಟ ನೆಟ್‌ವರ್ಕ್ ಒಂದರ ರೋಗ ಹಿಡಿಯಲೆಂದು ಒಂದೇ ರಾತ್ರಿಯಲ್ಲಿ ಬರೆದದ್ದು. ಆತನ ಮಿಕ್ಕ ಕೆಲಸವೆಲ್ಲ ಹಿಂದೆ ಬಿದ್ದು, ಹೆಸರು ಉಳಿದದ್ದು ಈ ಒಂದು ರಾತ್ರಿಯಿಂದ. ಆತ ಹೇಳುತ್ತಿದ್ದ ಕಥೆಯೊಂದಿದೆ. ಎಲ್ಲೋ ಒಂದು ಕಟ್ಟಡದಲ್ಲಿ ನೆಟ್‌ವರ್ಕ್ ಆಗಾಗ ಸಾಯುತ್ತಿತ್ತು. ಒಬ್ಬ ಜಾಣ, ಪ್ರತಿ ಉತ್ತರಕ್ಕೂ ಕಂಪ್ಯೂಟರ್ ಗಟ್ಟಿಯಾಗಿ ‘ಪಿಂಗ್, ಪಿಂಗ್’ ಎನ್ನುವಂತೆ ಮಾಡಿಟ್ಟು, ಕಟ್ಟಡವೆಲ್ಲ ಸುತ್ತಿ ಒಂದೊಂದೇ ತಂತಿಯನ್ನು ಅಲುಗಾಡಿಸುತ್ತ ಹೋದ. ಯಾವುದನ್ನು ಅಲುಗಿಸಿದಾಗ ದನಿ ನಿಂತಿತೋ ಅಲ್ಲೇ ಸಡಿಲ.

ಇಂಥವರಿಗೂ ಪ್ರಶಸ್ತಿ ಬರುತ್ತದೆಯೇ ಎಂದರೆ, ಬರುತ್ತದೆ, ತಡವಾಗಿ. ತಂತಿಯೊಳಗೆ ಹರಿಯುವ ಮಾಹಿತಿಯ ಪ್ಯಾಕೆಟ್ಟುಗಳನ್ನು ಒಂದೊಂದಾಗಿ ಬಿಡಿಸಿ ತೋರಿಸುವ ವೈರ್‌ಶಾರ್ಕ್ ಎಂಬ ತಂತ್ರಾಂಶವನ್ನು ಜೆರಾಲ್ಡ್ ಕೋಂಬ್ಸ್ 1998ರಲ್ಲಿ ಈಥೀರಿಯಲ್ ಎಂಬ ಹೆಸರಿನಲ್ಲಿ ಹೊರತಂದು, ಬೇಕಾದವರು ಬಳಸಿ ಎಂದು ಬಿಟ್ಟುಕೊಟ್ಟರು. ಕೆಲಸ ಬದಲಿಸಿದಾಗ ಹೆಸರು ಹಳೆಯ ಕಂಪನಿಯ ಪಾಲಾಯಿತು. 2006ರಲ್ಲಿ ಮಗುವಿಗೆ ಮತ್ತೆ ನಾಮಕರಣ. ಕಂಪ್ಯೂಟರ್ ತಜ್ಞರ ಎಸಿಎಂ ಸಂಸ್ಥೆಯ 2018ನೇ ಸಾಲಿನ ಸಾಫ್ಟ್‌ವೇರ್ ಸಿಸ್ಟಮ್ ಪ್ರಶಸ್ತಿ ಅದಕ್ಕೆ ಸಂದಿತು. ಯುನಿಕ್ಸ್, ವರ್ಲ್ಡ್ ವೈಡ್ ವೆಬ್ ಕುಳಿತ ಪಂಕ್ತಿ ಅದು. ಅಡುಗೆ ಮಾಡಿದವರ ಸಾಲಿನಲ್ಲಿ ಉಪ್ಪು ಸಾಲದು ಎಂದವನಿಗೂ ಎಲೆ ಹಾಕಿದಂತಾಯಿತು ಎಂದು ನನಗೆ ಸಂತೋಷ.

ಅಳಿಯನ ಇನ್ನೊಂದು ಹುಚ್ಚು ಕುಂಗ್ ಫೂ. ನಮ್ಮ ಕಾಲದಲ್ಲಿ ಕುಂಗ್ ಫೂ ಎಂದರೆ ವಿಡಿಯೊ ಪಾರ್ಲರಿನ ಬ್ರೂಸ್ ಲೀ. ‘ಎಂಟರ್ ದಿ ಡ್ರ್ಯಾಗನ್’ ನೋಡಿ ಬಂದ ರಾತ್ರಿ ಊರಿನ ನಾಯಿಗಳಿಗೂ ನೆಮ್ಮದಿ ಇರಲಿಲ್ಲ. ಇವನದು ಸಾಂಪ್ರದಾಯಿಕ ಪದ್ಧತಿಯಂತೆ. ಶುರುವಿಗೆ ಒದೆತವಿಲ್ಲ, ಹಾರಾಟವಿಲ್ಲ. ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು ನಿಲ್ಲಬೇಕು. ಅದಕ್ಕೆ ‘ಮಾ ಬು’, ಕುದುರೆ ಸವಾರನ ನಿಲುವು ಎನ್ನುತ್ತಾರೆ. ಹೊಸಬರನ್ನು ಗುರುಗಳು ತಿಂಗಳಾನುಗಟ್ಟಲೆ ಹೀಗೇ ನಿಲ್ಲಿಸುತ್ತಾರೆ. ಚೀನಾದ ಹೆನಾನ್ ಪ್ರಾಂತ್ಯದಲ್ಲಿ ಕ್ರಿ.ಶ. 495ರಲ್ಲಿ ಕಟ್ಟಿದ ಶಾವೊಲಿನ್ ಮಠದ ಒಂದು ಮಂಟಪದಲ್ಲಿ, ಕಾಲೂರಿ ಸಾಮು ಮಾಡಿದ ಭಿಕ್ಷುಗಳ ಪಾದದ ಹೊಡೆತಕ್ಕೆ ನೆಲವೇ ಕುಳಿಬಿದ್ದಿದೆ.

ಯುಗಾದಿಗೆ ಬಂದವನು ಅಂಗಳದಲ್ಲಿ ಹಾಗೆ ನಿಂತ. “ಕುದುರೆ ಎಲ್ಲಪ್ಪಾ?” ಎಂದು ಹಾದುಹೋಗುವವರೆಲ್ಲ ಕೇಳಿದರು. ಹರೆಯದಲ್ಲಿ ಗರಡಿಯಲ್ಲಿ ಪಳಗಿದ ತಾತನೊಬ್ಬ ಮಾತಾಡದೆ ಹತ್ತಿರ ಬಂದು, ಹುಡುಗನ ಎದೆಗೆ ಅಂಗೈ ಇಟ್ಟು ನೂಕಿದ. ಅಳಿಯ ಬಿದ್ದ. ಎದ್ದು ನಿಂತ. ತಾತ ಪಕ್ಕದಿಂದ ನೂಕಿದ. ಮತ್ತೆ ಬಿದ್ದ. “ಹಿಮ್ಮಡೀಲಿ ಭಾರ ಇಲ್ಲ ಮಗಾ. ನಾಳೆ ಹಗರಿ ಹೊಳಿ ಉಸುಕಿನಾಗೆ ನಿಂದ್ರು” ಎಂದು ತಾತ ಹೊರಟುಹೋದ. ಅಕ್ಕ ತಾತನನ್ನು ಶಪಿಸುತ್ತಿದ್ದಳು, ಅಳಿಯ ಮಾತ್ರ ಮಣ್ಣು ಕೊಡವಿಕೊಳ್ಳುತ್ತ, “ಮಾವ, ನಮ್ಮ ಗುರುಗಳೂ ಇದನ್ನೇ ಮಾಡ್ತಾರೆ. ನಾವೂ ನೆಟ್‌ವರ್ಕಿಗೆ ಇದನ್ನೇ ಮಾಡ್ತೀವಿ. ಬೇಕಂತಲೇ ತಡ ಮಾಡಿಸ್ತೀವಿ, ಪ್ಯಾಕೆಟ್ ಬೀಳಿಸ್ತೀವಿ, ಒಂದೇ ಸಲಕ್ಕೆ ಜನಸಾಗರ ನುಗ್ಗಿಸ್ತೀವಿ. ಅಷ್ಟಾದರೂ ಬೀಳಲಿಲ್ಲ ಅಂದ್ರೆ ಮಾತ್ರ ಹೊರಗೆ ಕಳಿಸೋದು” ಎಂದ.

ಆಗ ನನಗೆ ನಮ್ಮೂರ ಆಂಜನೇಯ ಬೇರೆಯೇ ರೀತಿ ಕಂಡ. ಯತಿ ವ್ಯಾಸರಾಯರು 732 ಹನುಮರನ್ನು ಪ್ರತಿಷ್ಠೆ ಮಾಡಿದರೆಂದು ಪ್ರತೀತಿ. ಅವುಗಳಲ್ಲಿ ಕಸಾಪುರ, ಮುರಡಿ, ನೇಮಕಲ್ಲು, ಈ ಮೂರನ್ನೂ ಶ್ರಾವಣದಲ್ಲಿ ಒಂದೇ ದಿನ ನೋಡಬೇಕೆಂದು ಜನ ಬಸ್ಸು ಹಿಡಿದು ಓಡುತ್ತಾರೆ. ಹನುಮ ಗರಡಿಗಳ ದೇವರೆಂಬುದು ಗೊತ್ತೇ ಇದೆ. ಆದರೆ ಸುಂದರಕಾಂಡವನ್ನು ನೋಡಿ: ಸಮುದ್ರ ದಾಟುವವನ ಶಕ್ತಿ ನೋಡಲು ದೇವತೆಗಳೇ ಸುರಸೆಯನ್ನು ಅಡ್ಡ ಕಳಿಸಿದರು. ಅವಳನ್ನು ಗೆದ್ದು ದಾಟಿದ. ಸೀತೆಗೆ ಉಂಗುರ ಕೊಟ್ಟ, ಮರಳಿ ತರಲು ಚೂಡಾಮಣಿ ಪಡೆದ. ಅಂದರೆ ಸಂದೇಶ ಮುಟ್ಟಿದ್ದಕ್ಕೆ ರಸೀದಿ ಸಮೇತ ಸಾಕ್ಷಿ. ಅಲ್ಲಿಗೆ ಬಿಟ್ಟನೇ? ಶತ್ರುವಿನ ಬಲ ಎಷ್ಟಿದೆ ನೋಡೋಣವೆಂದು ಬೇಕಂತಲೇ ಅಶೋಕವನ ಕೆಡವಿದ. ವ್ಯವಸ್ಥೆಯ ಮೇಲೆ ಭಾರ ಹೇರಿ ನೋಡುವ ಈ ಕೆಲಸಕ್ಕೆ ಅಳಿಯನ ಕಂಪನಿಯಲ್ಲಿ ಪ್ರತ್ಯೇಕ ವಿಭಾಗವೇ ಇದೆಯಂತೆ.

ಹೊಗಳುವವರು ನಮ್ಮನ್ನು ಇದ್ದಲ್ಲೇ ಬಿಟ್ಟು ಹೋಗುತ್ತಾರೆ. ತಳ್ಳಿ ನೋಡುವವರು, ಪಾಪ, ನಾವು ನಿಲ್ಲುವವರೆಗೂ ಕೈ ನೋಯಿಸಿಕೊಳ್ಳುತ್ತಾರೆ.

ಈ ತತ್ತ್ವದ ಪರೀಕ್ಷೆಗೆ ಹೆಚ್ಚು ಕಾಯಬೇಕಾಗಲಿಲ್ಲ. ಮಡಕಶಿರದ ಕಡೆಯ ಸಂಬಂಧವೊಂದು ಬಂತು. ಹುಡುಗಿಯ ತಂದೆ ಅಳಿಯನ ಕೆಲಸ ಕೇಳಿ, “ಕೆಡಿಸಿ ನೋಡಾಕೆ ಸಂಬಳಾನಾ? ನಮ್ಮೂರಾಗೆ ಬಿಟ್ಟೀನೇ ಮಾಡ್ತಾರಲ್ಲ!” ಎಂದರು. ಸಂಬಳ, ಸಾಲ, ಸೈಟು, ಜಾತಕ ಎಂದು ಅವರ ಕಡೆಯ ಹಿರಿಯರೆಲ್ಲ ಸುತ್ತಲಿನಿಂದ ಪ್ರಶ್ನೆ ಎಸೆದರು. ಅಳಿಯ ಕುರ್ಚಿಯಲ್ಲಿ ಕುಳಿತೇ ಮಾ ಬು ಹಾಕಿದವನಂತೆ ಅಲ್ಲಾಡಲಿಲ್ಲ. ಒಂದು ಪ್ಯಾಕೆಟ್ಟೂ ಬೀಳಲಿಲ್ಲ. ಕೊನೆಗೆ ಹುಡುಗಿ, “ನಿಮಗೆ ಮುದ್ದೆ ತಿರುವೋಕೆ ಬರುತ್ತಾ?” ಎಂದಳು.

ನಾವು ಜೋಳದ ರೊಟ್ಟಿಯವರು. ಅಳಿಯ ಬಾಯಿ ತೆರೆದ, ಮುಚ್ಚಿದ. ಪಿಂಗ್ ಭಾಷೆಯಲ್ಲಿ ಹೇಳುವುದಾದರೆ, ರಿಕ್ವೆಸ್ಟ್ ಟೈಮ್ಡ್ ಔಟ್. ಹುಡುಗಿ ನಕ್ಕು, ಕಲಿತು ಫೋನ್ ಮಾಡಿ ಎಂದಳಂತೆ. ಈಗ ಅವನ ಸಾಮೆಲ್ಲ ಅಡುಗೆಮನೆಯಲ್ಲಿ. ಪ್ರತಿ ಭಾನುವಾರ ಮುದ್ದೆಯ ಫೋಟೊ ಮಡಕಶಿರಕ್ಕೆ ಹೋಗುತ್ತದೆ, “ಇನ್ನೂ ಗಂಟಿದೆ” ಎಂಬ ಉತ್ತರ ಕ್ಷಣದಲ್ಲಿ ಬರುತ್ತದೆ. ಉತ್ತರ ಇಷ್ಟು ಬೇಗ ಬರುತ್ತಿದೆಯೆಂದರೆ ಸಂಪರ್ಕ ಗಟ್ಟಿಯಾಗಿದೆ ಎನ್ನುತ್ತಾನೆ ಅಳಿಯ. ಅಕ್ಕ ಛತ್ರ ವಿಚಾರಿಸುತ್ತಿದ್ದಾಳೆ.