ಕಾಶಿಯಿಂದ ನೋಟಿಸ್ ಬಂದಿಲ್ಲ

ನಮ್ಮ ಬೀದಿಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಒಂದು ದೇಶ ಕಟ್ಟಿಕೊಂಡಿದ್ದಾನೆ. ದೇಶದ ಹೆಸರು ಕಪಿಲಾ ಗಣರಾಜ್ಯ, ರಾಷ್ಟ್ರಪ್ರಾಣಿ ಬಸವ, ನಾಣ್ಯದ ಹೆಸರು ರಸಬಾಳೆ. ಧ್ಯೇಯವಾಕ್ಯ ‘ನಾಳೆ ಬಾ’. ಇದು ಹಿಂದೆ ದೆವ್ವಕ್ಕೆ ಹೆದರಿ ಬಾಗಿಲ ಮೇಲೆ ಬರೆಯುತ್ತಿದ್ದದ್ದೋ, ಕಚೇರಿಗಳಲ್ಲಿ ನಮಗೆ ಹೇಳುವುದೋ ಎಂದು ಕೇಳಿದೆ. “ಎರಡೂ ಅಂಕಲ್” ಎಂದ. ಆಡಳಿತದ ಮರ್ಮ ಇಷ್ಟು ಚಿಕ್ಕ ವಯಸ್ಸಿಗೇ ತಿಳಿದುಬಿಟ್ಟಿದೆ.

ಅವನ ದೇಶ ಇರುವುದು ‘ನೇಷನ್‌ಸ್ಟೇಟ್ಸ್’ ಎಂಬ ಆನ್‌ಲೈನ್ ಆಟದಲ್ಲಿ. 2002ರ ನವೆಂಬರಿನಲ್ಲಿ ಆಸ್ಟ್ರೇಲಿಯಾದ ಕಾದಂಬರಿಕಾರ ಮ್ಯಾಕ್ಸ್ ಬ್ಯಾರಿ ಇದನ್ನು ಶುರುಮಾಡಿದ. ಯಾರು ಬೇಕಾದರೂ ಪುಕ್ಕಟೆಯಾಗಿ ಒಂದು ದೇಶ ಕಟ್ಟಬಹುದು. ಆಮೇಲೆ ದಿನಬೆಳಗಾದರೆ ಸಮಸ್ಯೆಗಳು ಬರುತ್ತವೆ: ತೆರಿಗೆ ಏರಿಸಬೇಕೆ, ಕಾಡು ಕಡಿಯಬೇಕೆ, ಬೈಯುವ ಪತ್ರಿಕೆಯನ್ನು ಮುಚ್ಚಿಸಬೇಕೆ? ನೀವು ಒಂದು ಉತ್ತರ ಒತ್ತಿದರೆ ದೇಶ ಆ ಕಡೆ ವಾಲುತ್ತದೆ. ಹಣ ಹೆಚ್ಚಿದರೆ ಸ್ವಾತಂತ್ರ್ಯ ಇಳಿಯುತ್ತದೆ, ಸ್ವಾತಂತ್ರ್ಯ ಕೊಟ್ಟರೆ ಇನ್ನೇನೋ ಕೈಬಿಡುತ್ತದೆ. ಬೊಂಬೆ ಕುಣಿತವಿಲ್ಲ, ಗುಂಡಿನ ಸದ್ದಿಲ್ಲ. ಓದಬೇಕು, ಯೋಚಿಸಬೇಕು, ಒತ್ತಬೇಕು. ಇಷ್ಟಾದರೂ ಹುಡುಗರು ಆಡುತ್ತಾರೆ ಎಂಬುದೇ ನನಗೆ ಸೋಜಿಗ.

ಬ್ಯಾರಿ ಆಟ ಮಾಡಿದ್ದು ತನ್ನ ‘ಜೆನಿಫರ್ ಗವರ್ನಮೆಂಟ್’ ಕಾದಂಬರಿಯ ಪ್ರಚಾರಕ್ಕೆ. ಆ ಕಾದಂಬರಿಯ ಜಗತ್ತಿನಲ್ಲಿ ಕಂಪನಿಗಳದ್ದೇ ದರ್ಬಾರು. ಕೆಲಸಗಾರರು ಮನೆತನದ ಹೆಸರು ಬಿಟ್ಟು ಕಂಪನಿಯ ಹೆಸರನ್ನೇ ತಮ್ಮ ಹೆಸರಿನ ಬಾಲಕ್ಕೆ ಕಟ್ಟಿಕೊಳ್ಳುತ್ತಾರೆ. ವಿಮರ್ಶಕರಿಗೆ ಇದು ಭಯಾನಕ ಕಲ್ಪನೆಯಾಗಿ ಕಂಡಿರಬಹುದು, ನಮಗಂತೂ ಹಾಗೇನೂ ಅನಿಸುವುದಿಲ್ಲ. ಕೆಇಬಿ ನಂಜುಂಡಪ್ಪ, ಫ್ಯಾಕ್ಟರಿ ಸಿದ್ದರಾಜು, ರೈಲ್ವೆ ಮಾದಪ್ಪ ಎಂದು ಕರೆದು ರೂಢಿಯಾದವರು ನಾವು. ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೆ ಶಿಫ್ಟಿಗೆ ಹೋಗುವವರ ಅರ್ಧ ಹೆಸರನ್ನು ಊರಿನವರು ಎಂದೋ ಕಂಪನಿಗೆ ಬರೆದುಕೊಟ್ಟಾಗಿದೆ. ವ್ಯತ್ಯಾಸ ಒಂದೇ, ನಾವು ಕಂಪನಿಯನ್ನು ಮುಂದೆ ಹಾಕುತ್ತೇವೆ.

ಆಟದಲ್ಲಿ ದೇಶಗಳು ಸೇರಿ ಚರ್ಚಿಸಲು ಒಂದು ಸಭೆ ಇತ್ತು. ಬ್ಯಾರಿ ಅದಕ್ಕೆ ವಿಶ್ವಸಂಸ್ಥೆ ಎಂದೇ ಹೆಸರಿಟ್ಟಿದ್ದ, ಲಾಂಛನವನ್ನೂ ಅಲ್ಲಿಂದಲೇ ತಂದಿದ್ದ. ಐದು ವರ್ಷ ಯಾರೂ ಕೇಳಲಿಲ್ಲ. 2008ರ ಜನವರಿಯಲ್ಲಿ ಅಸಲಿ ವಿಶ್ವಸಂಸ್ಥೆಯಿಂದ ಪತ್ರ ಬಂತು: ನಮ್ಮ ಹೆಸರು, ನಮ್ಮ ಲಾಂಛನ ಅಪ್ಪಣೆಯಿಲ್ಲದೆ ಬಳಸಿದ್ದೀರಿ, ನಿಲ್ಲಿಸಿ. ಆ ವರ್ಷ ಜಗತ್ತಿನಲ್ಲಿ ಡಾರ್ಫರ್ ಇತ್ತು, ಇರಾಕ್ ಇತ್ತು, ಅಕ್ಕಿಯ ಬೆಲೆ ಗಗನಕ್ಕೇರುತ್ತಿತ್ತು. ಅವುಗಳ ನಡುವೆ ಯಾವುದೋ ಕೋಣೆಯಲ್ಲಿ ಕುಳಿತ ಅಧಿಕಾರಿಯೊಬ್ಬರು ಈ ಹುಡುಗಾಟಿಕೆಗೂ ಫೈಲು ತೆರೆದು ಟಿಪ್ಪಣಿ ಬರೆದಿದ್ದಾರೆ. ಗುಮಾಸ್ತಿಕೆ ಕಂಡವರಿಗೆ ಗೊತ್ತು, ದೊಡ್ಡ ಫೈಲು ಕದಲದಿದ್ದಾಗ ಸಣ್ಣ ಫೈಲೇ ಮನಸ್ಸಿಗೆ ಸಮಾಧಾನ.

ಬ್ಯಾರಿ ಜಗಳಕ್ಕೆ ಹೋಗಲಿಲ್ಲ. ಸಭೆಗೆ ‘ವರ್ಲ್ಡ್ ಅಸೆಂಬ್ಲಿ’ ಎಂದು ಹೊಸ ಹೆಸರು, ಹೊಸ ಲಾಂಛನ ಕೊಟ್ಟ. ಕೊಟ್ಟದ್ದು 2008ರ ಏಪ್ರಿಲ್ 1ರಂದು, ಅದೂ ಮೂರ್ಖರ ದಿನದ ತಮಾಷೆಯ ವೇಷ ಹಾಕಿ. ತಮಾಷೆಯ ದಿನ ಕಳೆಯಿತು, ಹೆಸರು ಹಾಗೇ ಉಳಿಯಿತು. ಹಳೆಯ ನಿರ್ಣಯಗಳೆಲ್ಲ ಇತಿಹಾಸದ ಪೆಟ್ಟಿಗೆ ಸೇರಿದವು. ಹೊಸ ಸಭೆ ಒಂದನೇ ನಂಬರಿನಿಂದ ಎಣಿಸತೊಡಗಿತು.

ವಿಶ್ವಸಂಸ್ಥೆಯ ಪತ್ರಕ್ಕೆ ಬೇರು ಹಳೆಯದು. 1946ರ ಡಿಸೆಂಬರಿನಲ್ಲಿ ಅದರ ಮಹಾಸಭೆ ಲಾಂಛನವನ್ನು ಒಪ್ಪಿಕೊಂಡಾಗಲೇ, ಹೆಸರನ್ನೂ ಲಾಂಛನವನ್ನೂ ಕಾಪಾಡಲು ಕಾನೂನು ಮಾಡಿ ಎಂದು ಸದಸ್ಯ ರಾಷ್ಟ್ರಗಳಿಗೆ ಹೇಳಿತ್ತು. ನಾವು ವಿಧೇಯರು. 1950ರಲ್ಲೇ ಲಾಂಛನ ಮತ್ತು ಹೆಸರುಗಳ ದುರ್ಬಳಕೆ ತಡೆ ಕಾಯ್ದೆ ಮಾಡಿಕೊಂಡೆವು. ಅದರ ಪಟ್ಟಿ ತೆರೆದು ನೋಡಿ: ಮೊದಲನೆಯದು ವಿಶ್ವಸಂಸ್ಥೆ, ಎರಡನೆಯದು ವಿಶ್ವ ಆರೋಗ್ಯ ಸಂಸ್ಥೆ, ನಮ್ಮ ತ್ರಿವರ್ಣ ಧ್ವಜ ಮೂರನೆಯದು. ಅತಿಥಿಗೆ ಮೊದಲ ಎಲೆ ಹಾಕುವ ಸಂಪ್ರದಾಯವನ್ನು ಕಾನೂನಿನಲ್ಲೂ ಬಿಟ್ಟಿಲ್ಲ. ತಪ್ಪಿದವರಿಗೆ ಕಾಯ್ದೆ ಬರೆದವರು ಇಟ್ಟ ದಂಡ 500 ರೂಪಾಯಿಯವರೆಗೆ. 1950ರಲ್ಲಿ ಅದು ಹೆದರುವಂಥ ಮೊತ್ತ. ಇವತ್ತು ಜಾತ್ರೆಗೆ ಬಂದ ಸಂಸಾರದ ಒಂದು ಹೊತ್ತಿನ ಹೋಟೆಲ್ ಬಿಲ್ಲಿಗೆ ಸಾಲದು.

ಹೆಸರಿನ ಎರವಲು ಎಂದರೆ ನಮ್ಮೂರಿನ ವಿಷಯಕ್ಕೆ ಬರಲೇಬೇಕು. ನಂಜನಗೂಡು ದಕ್ಷಿಣ ಕಾಶಿ. ಬಸ್‌ಸ್ಟ್ಯಾಂಡಿನಿಂದ ದೇವಸ್ಥಾನದ ಕರಪತ್ರದವರೆಗೆ ಎಲ್ಲ ಕಡೆ ಹಾಗೆಂದು ಬರೆದುಕೊಂಡಿದ್ದೇವೆ. ಉತ್ತರದ ಕಾಶಿಯಿಂದ ಇದುವರೆಗೂ ಒಂದು ಕಾಗದ ಬಂದಿಲ್ಲ. ಇನ್ನೂ ದೊಡ್ಡ ಧೈರ್ಯ ತಿರುಮಕೂಡಲು ನರಸೀಪುರದವರದು. ಕಾವೇರಿ, ಕಪಿಲಾ, ಕಣ್ಣಿಗೆ ಕಾಣದ ಸ್ಫಟಿಕ ಸರೋವರ ಸೇರುವ ಜಾಗ ಎಂದು ಅದನ್ನು ದಕ್ಷಿಣ ಪ್ರಯಾಗ ಮಾಡಿಕೊಂಡರು. 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳವನ್ನೂ ನಡೆಸುತ್ತಿದ್ದಾರೆ. 2025ರ ಫೆಬ್ರುವರಿಯಲ್ಲಿ ಪ್ರಯಾಗದಲ್ಲಿ ಮಹಾಕುಂಭ ನಡೆಯುತ್ತಿರುವಾಗಲೇ ಇಲ್ಲೂ ಕುಂಭಮೇಳ ಆಯಿತು. ಅದೇ ಹೆಸರು, ಅದೇ ಸ್ನಾನ, ಅದೇ ತಿಂಗಳು. ವಕೀಲರಿಗೆ ಇದಕ್ಕಿಂತ ಸಲೀಸಾದ ಕೇಸು ಬೇಕೆ?

ಅಷ್ಟಕ್ಕೆ ನಿಲ್ಲಲಿಲ್ಲ. ಅಲ್ಲಿನ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿ ಇದೆ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂಬುದಕ್ಕೆ ಅದೇ ಸಾಕ್ಷಿಯಂತೆ. ಹೆಸರು ಎರವಲು ತಂದು, ಕೊಟ್ಟವರಿಗಿಂತ ನಾವೇ ತೂಕ ಎಂದು ತಕ್ಕಡಿ ಹಿಡಿಯುವುದು ಸಾಮಾನ್ಯರಿಗೆ ಆಗುವ ಕೆಲಸವಲ್ಲ. ಅದೂ ಎಷ್ಟು ಲೆಕ್ಕಾಚಾರದ ಜಂಬ! ಒಂದು ಸೇರು ಹೆಚ್ಚು ಎನ್ನಲಿಲ್ಲ, ಒಂದು ಗುಲಗಂಜಿ ಎಂದರು. ಅಷ್ಟಕ್ಕೆ ಯಾರು ತಾನೆ ಕೋರ್ಟಿಗೆ ಹೋಗುತ್ತಾರೆ! ನಮ್ಮ ನಂಜುಂಡೇಶ್ವರನಿಗಂತೂ ಆನೆಯ ಕಣ್ಣಿನ ಕಾಯಿಲೆ ವಾಸಿಯಾದ ಮೇಲೆ ಟಿಪ್ಪು ಸುಲ್ತಾನ ‘ಹಕೀಮ್ ನಂಜುಂಡ’ ಎಂದು ಹೆಸರಿಟ್ಟ ಎನ್ನುತ್ತಾರೆ. ನೋಂದಣಿ ಸಂಖ್ಯೆ ಎಲ್ಲಿ ಎಂದು ಯಾವ ವೈದ್ಯರ ಸಂಘವೂ ಕೇಳಿಲ್ಲ.

ದೇವರ ಮಟ್ಟದಲ್ಲಿ ಇಷ್ಟು ಉದಾರವಾಗಿರುವ ನಾವು ಬಸ್ಸಿನ ಮಟ್ಟಕ್ಕೆ ಇಳಿದರೆ ಬೇರೆಯೇ ಜನ. ಕೋಝಿಕ್ಕೋಡ್‌ನಿಂದ ಬತ್ತೇರಿ, ಗುಂಡ್ಲುಪೇಟೆ ದಾಟಿ ಬರುವ 766ನೇ ರಾಷ್ಟ್ರೀಯ ಹೆದ್ದಾರಿ ನಂಜನಗೂಡು, ಮೈಸೂರು, ಟಿ. ನರಸೀಪುರ ಹಾದು ಕೊಳ್ಳೇಗಾಲಕ್ಕೆ ಹೋಗುತ್ತದೆ. ಈ ರಸ್ತೆಯಲ್ಲಿ ನಿಂತವರಿಗೆ ಎರಡು ರಾಜ್ಯದ ಕೆಎಸ್‌ಆರ್‌ಟಿಸಿ ಬಸ್ಸುಗಳು ಕಾಣುತ್ತವೆ, ಒಂದು ಕೇರಳದ್ದು, ಇನ್ನೊಂದು ನಮ್ಮದು. ಕೇರಳದವರು 1965ರಿಂದಲೂ ಆ ಐದು ಅಕ್ಷರ ಬಳಸುತ್ತಿದ್ದರು. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದೇ 1973ರ ನವೆಂಬರ್ 1ರಂದು. ಆದರೆ ಟ್ರೇಡ್‌ಮಾರ್ಕ್ ಮಾಡಿಸಲು ಮೊದಲು ಓಡಿದವರು ನಾವು, 2013ರಲ್ಲಿ ನೋಂದಣಿಯೂ ಕೈಗೆ ಬಂತು. ಕೇರಳ ತಕರಾರು ತೆಗೆಯಿತು. ಕೊನೆಗೆ 2023ರ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್ ಕೇರಳದ ಅರ್ಜಿಯನ್ನು ವಜಾ ಮಾಡಿತು. ಅಷ್ಟು ವರ್ಷ ವಯನಾಡಿನ ಪ್ರಯಾಣಿಕನೊಬ್ಬ ಮೋಸಹೋಗಿ ಬೇರೆ ಬಸ್ಸು ಹತ್ತಿದ್ದನ್ನು ನಾನು ಕೇಳಿಲ್ಲ. ನಮ್ಮ ಜನ ಬಸ್ಸು ಹತ್ತುವುದು ಟ್ರೇಡ್‌ಮಾರ್ಕ್ ನೋಡಿ ಅಲ್ಲ, ಸೀಟು ನೋಡಿ.

ಹೆಸರು ಕಾಯುವುದೇ ತಪ್ಪು ಎಂದು ವಾದಿಸಲು ನಂಜನಗೂಡಿನವನಿಗೆ ಬಾಯಿಲ್ಲ. ನಮ್ಮೂರು ಹೊರಗಿನವರಿಗೆ ಗೊತ್ತಿರುವುದು ದೇವರ ನಂತರ ಹಲ್ಲುಪುಡಿಯಿಂದ. ಬಿ.ವಿ. ಪಂಡಿತರು 1913ರಲ್ಲಿ ಕಟ್ಟಿದ ಸದ್ವೈದ್ಯಶಾಲೆಯ ಆ ಪುಡಿಯಿಂದ ಎಷ್ಟೋ ಮನೆಗಳಲ್ಲಿ ಬೆಳಗಾಗುತ್ತಿತ್ತು. ಮೂರನೆಯದು ರಸಬಾಳೆ. ಅದಕ್ಕೆ ಜಿಐ ಮಾನ್ಯತೆ ಸಿಕ್ಕಿದೆ, ಬೇರೆ ಊರಿನ ಹಣ್ಣನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. ಆದರೆ ಕಾನೂನು ಹೆಸರಿನ ಕಾವಲಿಗೆ ಬಂದು ನಿಲ್ಲುವ ಹೊತ್ತಿಗಾಗಲೇ ಪನಾಮ ಸೊರಗು ರೋಗ ತೋಟಕ್ಕೆ ನುಗ್ಗಿ ಗಿಡಗಳನ್ನೇ ತಿಂದುಹಾಕಿತ್ತು. ಈಗ ಅಂಗಡಿಯಲ್ಲಿ ರಸಬಾಳೆ ಕೇಳಿದರೆ ಅಂಗಡಿಯವನು ಮೊದಲು ನಮ್ಮ ವಯಸ್ಸನ್ನು ಅಳೆದು ನೋಡುತ್ತಾನೆ.

ವಿಶ್ವಸಂಸ್ಥೆಗೂ ತನ್ನ ಹೆಸರು ಕಾಯಲು ಕಾರಣ ಇದೆ. ಅದರ ಲಾಂಛನ ಹಾಕಿದ ಸುಳ್ಳು ಪತ್ರ ತೋರಿಸಿ ಕೆಲಸ ಕೊಡಿಸುತ್ತೇವೆ, ಬಹುಮಾನ ಬಂದಿದೆ ಎಂದು ದುಡ್ಡು ಕೀಳುವವರಿದ್ದಾರೆ. ಅಂಥವರ ಬೆನ್ನು ಹತ್ತಲಿ, ಸಂತೋಷ. ಆದರೆ ಬಸವನನ್ನು ರಾಷ್ಟ್ರಪ್ರಾಣಿ ಮಾಡಿಕೊಂಡ ದೇಶವನ್ನು ನಿಜವೆಂದು ನಂಬಿ ದುಡ್ಡು ಕಳೆದುಕೊಳ್ಳುವವರು ಯಾರು? ತಮಾಷೆ ನೋಡಿ, ಬಿಡದಿಯಲ್ಲಿ ಆಶ್ರಮ ಹೂಡಿದ್ದ ನಿತ್ಯಾನಂದರ ‘ಕೈಲಾಸ’ ಎಂಬ ದೇಶದ ಪ್ರತಿನಿಧಿ 2023ರ ಫೆಬ್ರುವರಿಯಲ್ಲಿ ಜಿನೀವಾದ ವಿಶ್ವಸಂಸ್ಥೆಯ ಸಮಿತಿಯ ಸಭೆಗೇ ಹೋಗಿ ಮೈಕ್ ಹಿಡಿದು ಮಾತಾಡಿ ಬಂದರು. ಆಮೇಲೆ ಅಧಿಕಾರಿಗಳು, ಆ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದರು. ಆಟದ ದೇಶದವರು ಯಾರೂ ಅವರ ಬಾಗಿಲು ತಟ್ಟಿರಲಿಲ್ಲ, ಅವರಿಗೆ ಮಾತ್ರ ನೋಟಿಸ್.

ಆ ಹುಡುಗನಿಗೆ ಈ ಕಥೆಯೆಲ್ಲ ಗೊತ್ತಿರಲಿಲ್ಲ, ಅವನು ಆಗ ತೊಟ್ಟಿಲಲ್ಲಿದ್ದ. ಕೇಳಿ ನಕ್ಕು, ತನ್ನ ಸಭೆಯ ನಿಯಮ ವಿವರಿಸಿದ. ಅಲ್ಲಿ ಬಹುಮತದಿಂದ ನಿರ್ಣಯ ಪಾಸಾದರೆ ಸದಸ್ಯ ದೇಶಗಳ ಕಾನೂನು ಆ ಕ್ಷಣವೇ ಬದಲಾಗುತ್ತದೆ, ಒಪ್ಪದವರು ಸಭೆ ಬಿಟ್ಟು ಹೋಗಬಹುದು. ಅಸಲಿ ಮಹಾಸಭೆಯ ನಿರ್ಣಯಗಳು ಹೆಚ್ಚಿನಂಶ ಬರೀ ಸಲಹೆ, ಭದ್ರತಾ ಮಂಡಳಿಯಲ್ಲಂತೂ ಐವರಲ್ಲಿ ಒಬ್ಬರು ಕೈ ಅಡ್ಡ ಹಿಡಿದರೆ ಮುಗಿಯಿತು. ನನ್ನ ಕೇಳಿದರೆ ಬ್ಯಾರಿ ಹೆಸರು ಬಿಟ್ಟುಕೊಟ್ಟದ್ದೇ ಒಳ್ಳೆಯದಾಯಿತು. ಹೆಸರನ್ನು ಅವರೇ ಇಟ್ಟುಕೊಳ್ಳಲಿ, ವೀಟೋವನ್ನೂ ಅವರೇ ಇಟ್ಟುಕೊಳ್ಳಲಿ.