ಕತ್ತರಿಗೆ ಸಿಕ್ಕ ಕೆಂಪು ಗೆರೆ

ಸಂಜೆ ಏಳರ ಹೊತ್ತಿಗೆ ಯಾವುದಾದರೂ ಮೆಡಿಕಲ್ ಶಾಪಿನ ಮುಂದೆ ಹತ್ತು ನಿಮಿಷ ನಿಂತು ನೋಡಿ. ಮೆಡಿಕಲ್ ಕಾಲೇಜಿನಲ್ಲಿ ಐದೂವರೆ ವರ್ಷ ಓದುವವರೆಲ್ಲ ದಂಡಕ್ಕೆ ಓದುತ್ತಿದ್ದಾರೆ ಎಂದು ನಿಮಗೇ ಗೊತ್ತಾಗುತ್ತದೆ.

"ಅಣ್ಣಾ, ನಿನ್ನೆಯಿಂದ ಗಂಟಲು ಕೆರೆತ, ಮೈಕೈ ನೋವು."

"ಜ್ವರ ಇದೆಯಾ?"

"ಬರೋ ಹಾಗಿದೆ."

"ಆ್ಯಂಟಿಬಯಾಟಿಕ್ ಕೊಡ್ಲಾ?"

"ಹ್ಞೂಂ, ಸ್ವಲ್ಪ ಪವರ್ ಇರೋದೇ ಕೊಡಿ. ಎರಡು ಸಾಕು. ನಾಳೆ ಡ್ಯೂಟಿಗೆ ಹೋಗ್ಬೇಕು."

ತಪಾಸಣೆ ಮುಗಿಯಿತು. ಇನ್ನೂ ಬಾರದ ಜ್ವರಕ್ಕೆ ಔಷಧ ಕೊಡುವ ದಿವ್ಯದೃಷ್ಟಿ ನಮ್ಮ ಕೌಂಟರಿಗಲ್ಲದೆ ಬೇರೆಲ್ಲಿ ಉಂಟು? ಅಣ್ಣ ಕತ್ತರಿ ತೆಗೆದು ಹತ್ತರ ಸ್ಟ್ರಿಪ್ಪಿನಿಂದ ಎರಡನ್ನು ಕತ್ತರಿಸುತ್ತಾನೆ. ಆ ಸ್ಟ್ರಿಪ್ಪಿನ ಬೆನ್ನ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತದೆ. ವೈದ್ಯರ ಚೀಟಿ ಇಲ್ಲದೆ ಇದನ್ನು ನುಂಗಬೇಡಿ ಎಂಬುದು ಅದರ ಅರ್ಥ. ಇದನ್ನು ಜನರಿಗೆ ತಿಳಿಸಲೆಂದೇ ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಪ್ರಚಾರಾಂದೋಲನ ಹೂಡಿತು. ಗೆರೆ ಉದ್ದಕ್ಕೆ, ಕತ್ತರಿ ಅಡ್ಡಕ್ಕೆ. ಎಚ್ಚರಿಕೆ ಒಂದು ತುಂಡಿನಲ್ಲಿ, ಎಕ್ಸ್‌ಪೈರಿ ದಿನಾಂಕ ಇನ್ನೊಂದು ತುಂಡಿನಲ್ಲಿ, ಗಿರಾಕಿಯ ಕೈಯಲ್ಲಿ ಬರೀ ಮಾತ್ರೆ. ಔಷಧ ನಿಯಂತ್ರಣಕ್ಕೆ ದೆಹಲಿಯಲ್ಲಿ ದೊಡ್ಡ ಕಚೇರಿಯಿದೆ, ರಾಜ್ಯಕ್ಕೊಂದು ಇಲಾಖೆಯಿದೆ, 1940ರ ಕಾಯ್ದೆಯೂ ಇದೆ. ಕೊನೆಯ ತೀರ್ಮಾನ ಮಾತ್ರ ಕತ್ತರಿಯದು.

ಕಾನೂನು ಸುಮ್ಮನೆ ಕೂತಿಲ್ಲ ಅನ್ನಿ. 2014ರ ಮಾರ್ಚ್ 1ರಿಂದ ಶೆಡ್ಯೂಲ್ ಎಚ್‌1 ಎಂಬ ಪಟ್ಟಿ ಜಾರಿಗೆ ಬಂತು. ಅದರಲ್ಲಿದ್ದ 46 ಔಷಧಗಳಲ್ಲಿ ಅರ್ಧದಷ್ಟು ಆ್ಯಂಟಿಬಯಾಟಿಕ್‌ಗಳೇ: ಸೆಫಿಕ್ಸಿಮ್, ಲೆವೊಫ್ಲಾಕ್ಸಾಸಿನ್, ಮೆರೊಪೆನೆಮ್ ಇತ್ಯಾದಿ. ಇವನ್ನು ಮಾರಿದರೆ ಚೀಟಿ ಬರೆದ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಮದ್ದಿನ ಹೆಸರು, ಎಷ್ಟು ಕೊಟ್ಟಿರಿ ಎಂಬುದನ್ನೆಲ್ಲ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕು. ಕನ್ನಡದಲ್ಲಿ ಕಾಲ್ಪನಿಕ ಸಾಹಿತ್ಯ ಸೊರಗಿತು ಎಂದು ಕೊರಗುವ ವಿಮರ್ಶಕರು ಒಮ್ಮೆ ಈ ರಿಜಿಸ್ಟರುಗಳನ್ನು ತಿರುವಿ ಹಾಕಬೇಕು. ಇನ್‌ಸ್ಪೆಕ್ಟರು ಬರುವ ಹಿಂದಿನ ರಾತ್ರಿ, ಒಂದೇ ಪೆನ್ನಿನಲ್ಲಿ, ಒಂದೇ ಉಸಿರಿಗೆ ಸೃಷ್ಟಿಯಾದ ಪಾತ್ರಗಳು ಎಷ್ಟಿವೆಯೋ! ಚೀಟಿ ಕೇಳುವ ಪ್ರಾಮಾಣಿಕ ಅಂಗಡಿಯವರೂ ಇದ್ದಾರೆ. ಅವರ ಗಿರಾಕಿಗಳು ಪಕ್ಕದ ಅಂಗಡಿಯಲ್ಲಿ ಸಿಗುತ್ತಾರೆ.

ಈ ಗಿರಾಕಿಯನ್ನು ಮೊದಲು ಕಂಡವರು ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್. 1945ರ ಡಿಸೆಂಬರಿನಲ್ಲಿ ನೊಬೆಲ್ ಉಪನ್ಯಾಸ ಕೊಡುತ್ತ ಅವರು ಒಂದು ಕತೆ ಕಟ್ಟಿ ಹೇಳಿದರು. ಒಬ್ಬಾತನಿಗೆ ಗಂಟಲು ನೋವು. ತಾನೇ ಪೆನಿಸಿಲಿನ್ ಕೊಂಡು ಸಾಲದಷ್ಟು ತೆಗೆದುಕೊಳ್ಳುತ್ತಾನೆ. ಸಾಯದೆ ಉಳಿದ ಕ್ರಿಮಿಗಳು ಮದ್ದನ್ನು ಎದುರಿಸಲು ಕಲಿಯುತ್ತವೆ. ಅವು ಹೆಂಡತಿಗೆ ಅಂಟಿ ನ್ಯುಮೋನಿಯಾ ಆದಾಗ ಪೆನಿಸಿಲಿನ್ ಕೈಕೊಡುತ್ತದೆ, ಆಕೆ ಸಾಯುತ್ತಾಳೆ. ಎರಡೇ ಮಾತ್ರೆ ಕೇಳುವ ನಮ್ಮ ಯಜಮಾನರು ಸ್ಟಾಕ್‌ಹೋಮ್‌ನ ಸಭೆಗೆ ಅಷ್ಟು ಹಿಂದೆಯೇ ಪರಿಚಯವಾಗಿದ್ದರು.

ಆ ಎರಡು ಮಾತ್ರೆ ಒಳಗೆ ಹೋಗಿ ಮಾಡುವುದಾದರೂ ಏನು? ಅಮಾಕ್ಸಿಸಿಲಿನ್ ಎಂದೇ ಇಟ್ಟುಕೊಳ್ಳಿ. ಕರುಳಿನಿಂದ ರಕ್ತ ಸೇರಿ ಒಂದೆರಡು ಗಂಟೆಯಲ್ಲಿ ಅದರ ಮಟ್ಟ ತುದಿ ಮುಟ್ಟುತ್ತದೆ. ಅಲ್ಲಿಂದ ಸುಮಾರು ಗಂಟೆಗೊಮ್ಮೆ ಅರ್ಧಕ್ಕರ್ಧ ಇಳಿಯುತ್ತದೆ. ನುಂಗಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು, ರೂಪ ಕೂಡ ಬದಲಾಗದೆ, ಆರೆಂಟು ಗಂಟೆಯಲ್ಲಿ ಮೂತ್ರದೊಂದಿಗೆ ಹೊರಬೀಳುತ್ತದೆ. ಬಂದ ಕಡತವನ್ನು ಬಂದ ದಿನವೇ ವಿಲೇವಾರಿ ಮಾಡುವ ಕಚೇರಿ ಈ ದೇಶದಲ್ಲಿ ಮೂತ್ರಪಿಂಡ ಒಂದೇ. ದಿನಕ್ಕೆ ಮೂರು ಹೊತ್ತು ಎಂದು ವೈದ್ಯರು ಬರೆಯುವುದು ಅದಕ್ಕೇ.

ಗಂಟಲು ಕೆರೆತ ವೈರಸ್ಸಿನದಾಗಿದ್ದರೆ ಕತೆ ಇನ್ನೂ ಸೊಗಸು. ಈ ಮದ್ದಿನ ಕಸುಬು ಬ್ಯಾಕ್ಟೀರಿಯಾ ತನ್ನ ಸುತ್ತ ಕಟ್ಟಿಕೊಳ್ಳುವ ಗೋಡೆಯನ್ನು ಕೆಡಿಸುವುದು. ವೈರಸ್ಸಿಗೆ ಅಂಥ ಗೋಡೆಯೇ ಇಲ್ಲ. ಮೈಯೆಲ್ಲ ಹುಡುಕಿದರೂ ಆರೋಪಿ ಸಿಗದೆ, ಕರುಳಿನಲ್ಲಿ ತಮ್ಮ ಪಾಡಿಗಿದ್ದ ಪಾಪದ ಬ್ಯಾಕ್ಟೀರಿಯಾಗಳನ್ನು ಬಡಿದುಹಾಕಿ ಮಾತ್ರೆ ಹೊರಡುತ್ತದೆ. ನಾಲ್ಕು ದಿನಕ್ಕೆ ನೆಗಡಿ ತಾನಾಗಿ ಹೋಗುತ್ತದೆ, ಕೀರ್ತಿ ಮಾತ್ರೆಗೆ. ನಡುವೆ ಭೇದಿಯಾಯಿತೋ, "ಮಾತ್ರೆ ಹೀಟು, ಎಳನೀರು ಕುಡಿ."

ಹೀಗೆ ದಂಡವಾಗುವ ಮದ್ದಿಗೆ ಒಂದು ಕಾಲದಲ್ಲಿ ಬರವಿತ್ತು. 1941ರಲ್ಲಿ ಆಕ್ಸ್‌ಫರ್ಡ್‌ನ ಒಬ್ಬ ಪೊಲೀಸ್ ಕಾನ್‌ಸ್ಟೆಬಲ್‌ಗೆ ಪೆನಿಸಿಲಿನ್ ಕೊಟ್ಟಾಗ ಮದ್ದು ಎಷ್ಟು ವಿರಳವಾಗಿತ್ತೆಂದರೆ, ಆತನ ಮೂತ್ರವನ್ನು ಪ್ರಯೋಗಾಲಯಕ್ಕೆ ಒಯ್ದು, ಅದರಿಂದ ಪೆನಿಸಿಲಿನ್ ಬಸಿದು ಮತ್ತೆ ಆತನಿಗೇ ಚುಚ್ಚಿದರು. ಚೇತರಿಸಿಕೊಳ್ಳುತ್ತಿದ್ದ ಆತ ಮದ್ದು ಮುಗಿದುಹೋಗಿ ಸತ್ತ. ಅವನಿಗೆ ಸಿಗದೆ ನಿಂತಿತು. ನಾವು ಸಿಕ್ಕಿದರೂ ನಿಲ್ಲಿಸುತ್ತೇವೆ.

ನಮ್ಮಲ್ಲಿ ಪೂರ್ತಿ ಕೋರ್ಸ್ ಮಾಡುವವರೇ ಇಲ್ಲ ಎನ್ನಬೇಡಿ, ಹೊಳೆ ಹಳ್ಳಗಳಿವೆ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ ಔಷಧ ಕಾರ್ಖಾನೆಗಳ ತ್ಯಾಜ್ಯನೀರನ್ನು 'ಶುದ್ಧ' ಮಾಡಿ ಬಿಡುವ ಘಟಕವೊಂದರ ನೀರನ್ನು ಸ್ವೀಡನ್ನಿನ ವಿಜ್ಞಾನಿಗಳು ಪರೀಕ್ಷಿಸಿದರು. 2007ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ ಇತ್ತು. ಮಾತ್ರೆ ನುಂಗಿದ ರೋಗಿಯ ರಕ್ತದಲ್ಲೂ ಅಷ್ಟಿರುವುದಿಲ್ಲ. 2020ರಲ್ಲಿ ಕೇಂದ್ರ ಪರಿಸರ ಸಚಿವಾಲಯ ತ್ಯಾಜ್ಯನೀರಿನ ಆ್ಯಂಟಿಬಯಾಟಿಕ್ಕಿಗೆ ಮಿತಿ ಹಾಕುವ ಕರಡು ಹೊರಡಿಸಿತು. 2021ರಲ್ಲಿ ಅಂತಿಮ ಅಧಿಸೂಚನೆ ಬಂದಾಗ ಆ್ಯಂಟಿಬಯಾಟಿಕ್ ಮಿತಿಗಳೇ ಅದರಲ್ಲಿರಲಿಲ್ಲ. ಕತ್ತರಿ ಮೆಡಿಕಲ್ ಶಾಪಿನಲ್ಲಿ ಮಾತ್ರ ಇರುತ್ತದೆಂದು ತಿಳಿದವರು ತಿದ್ದಿಕೊಳ್ಳಬೇಕು. ಹಾಗೆಂದು ಸರ್ಕಾರಕ್ಕೆ ಸಿಟ್ಟೇ ಬರುವುದಿಲ್ಲ ಎಂದೂ ಅಲ್ಲ. ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾದ ಒಂದು ಕಿಣ್ವಕ್ಕೆ ವಿಜ್ಞಾನಿಗಳು ನ್ಯೂಡೆಲ್ಲಿಯ ಹೆಸರಿಟ್ಟದ್ದು ಸುದ್ದಿಯಾದಾಗ, 2010ರಲ್ಲಿ, ಕೆಂಡಾಮಂಡಲವಾಗಿ ಪ್ರತಿಭಟಿಸಿತು. ಕಿಣ್ವ ಇದ್ದದ್ದಕ್ಕಲ್ಲ, ಹೆಸರಿಗೆ.

ಹೊಸ ಮದ್ದು ಮಾಡಿದರಾಯಿತಲ್ಲ ಎನ್ನುವಿರಾ? ಮಾಡಿದವರ ಗತಿ ಕೇಳಿ. ಅಮೆರಿಕದ ಅಕೇಯೊಜೆನ್ ಎಂಬ ಕಂಪನಿ ವರ್ಷಗಟ್ಟಲೆ ದುಡಿದು ಪ್ಲಾಜೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ಸಿದ್ಧಪಡಿಸಿತು. 2018ರ ಜೂನಿನಲ್ಲಿ ಅನುಮತಿ ಸಿಕ್ಕಿತು, 2019ರ ಏಪ್ರಿಲಿನಲ್ಲಿ ಕಂಪನಿ ದಿವಾಳಿ. ಮದ್ದು ಕೆಲಸ ಮಾಡುತ್ತಿತ್ತು, ತೊಂದರೆಯೇ ಅದು. ಚೆನ್ನಾಗಿರುವ ಹೊಸ ಆ್ಯಂಟಿಬಯಾಟಿಕ್ಕನ್ನು ಬೇರೆಲ್ಲ ಸೋತಾಗ ಇರಲಿ ಎಂದು ವೈದ್ಯರು ಕಪಾಟಿನಲ್ಲಿಡುತ್ತಾರೆ, ಇಡುವುದೇ ಸರಿ. ಕಪಾಟಿನಲ್ಲಿದ್ದದ್ದಕ್ಕೆ ಬಿಲ್ಲಾಗುವುದಿಲ್ಲ. ಬಿಪಿ, ಶುಗರ್ ಮಾತ್ರೆಯಾದರೆ ಗಿರಾಕಿ ಜೀವನಪರ್ಯಂತ. ವಾರದಲ್ಲಿ ಗುಣಪಡಿಸುವ ಮದ್ದಿಗೆ ಯಾವ ಷೇರುದಾರ ದುಡ್ಡು ಸುರಿದಾನು? ಬೆಂಗಳೂರಿನ ತನ್ನ ಸಂಶೋಧನಾ ಕೇಂದ್ರವನ್ನು ಮುಚ್ಚುವುದಾಗಿ ಔಷಧ ಕಂಪನಿ ಆಸ್ಟ್ರಾಜೆನೆಕಾ 2014ರಲ್ಲಿ ಹೇಳಿತು. ಅಲ್ಲಿದ್ದ ಕೆಲವು ವಿಜ್ಞಾನಿಗಳು ಸೇರಿ ಬಗ್‌ವರ್ಕ್ಸ್ ಎಂಬ ಪುಟ್ಟ ಕಂಪನಿ ಕಟ್ಟಿ ಹೊಸ ಆ್ಯಂಟಿಬಯಾಟಿಕ್ಕಿನ ಬೆನ್ನು ಹತ್ತಿದರು. ಬ್ರಿಟನ್ ಮಾತ್ರ ಕಪಾಟಿಗೂ ಬಾಡಿಗೆ ಕೊಡಲು ಶುರುಮಾಡಿತು. 2022ರಿಂದ ಎರಡು ಆ್ಯಂಟಿಬಯಾಟಿಕ್‌ಗಳಿಗೆ, ಎಷ್ಟೇ ಬಳಸಲಿ, ವರ್ಷಕ್ಕೆ ತಲಾ 1 ಕೋಟಿ ಪೌಂಡ್‌ವರೆಗೆ ನಿಗದಿ ಮೊತ್ತ.

ನಮ್ಮಲ್ಲೂ ಒಂದು ಹೊಸ ಮದ್ದು ಹುಟ್ಟಿದೆ: ವೊಕ್‌ಹಾರ್ಟ್ ಕಂಪನಿಯ ನಫಿತ್ರೊಮೈಸಿನ್. 2024ರ ನವೆಂಬರಿನಲ್ಲಿ ಕೇಂದ್ರ ಸಚಿವರು ಅದನ್ನು ಲೋಕಕ್ಕೆ ಪರಿಚಯಿಸಿದರು. ಸರ್ಕಾರದ ಲೆಕ್ಕದಲ್ಲೇ 14 ವರ್ಷ, 500 ಕೋಟಿ ರೂಪಾಯಿ. ಒಂದು ಬಗೆಯ ನ್ಯುಮೋನಿಯಾಕ್ಕೆ ದಿನಕ್ಕೊಂದು ಸಲದಂತೆ ಮೂರೇ ದಿನ ಕೊಟ್ಟರೆ ಸಾಕಂತೆ. ಉದ್ದನೆಯ ಕೋರ್ಸೇ ಪವಿತ್ರ ಎಂದೇನೂ ಇಲ್ಲ, ಎಷ್ಟು ದಿನ ಎಂಬುದನ್ನು ರೋಗಿಗಳ ಮೇಲೆ ಪರೀಕ್ಷಿಸಿ ನೋಡಿ ಹೇಳಬೇಕು, ಅಷ್ಟೆ. ವಿಜ್ಞಾನ ಇಷ್ಟೆಲ್ಲ ಖರ್ಚು ಮಾಡಿ ಮೂರು ದಿನಕ್ಕೆ ಇಳಿಯಿತು. ನಮ್ಮ ಕೌಂಟರು ಯಾವ ಪರೀಕ್ಷೆಯೂ ಇಲ್ಲದೆ ಎಂದೋ ಎರಡು ಮಾತ್ರೆಗೆ ಇಳಿದಿತ್ತು.

2019ರ ಒಂದೇ ವರ್ಷದಲ್ಲಿ, ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ ಜಗತ್ತಿನಲ್ಲಿ ಸತ್ತವರು 12.7 ಲಕ್ಷ ಮಂದಿ ಎಂದು ಲ್ಯಾನ್ಸೆಟ್ ಪತ್ರಿಕೆಯ ಅಧ್ಯಯನ ಅಂದಾಜು ಮಾಡಿದೆ. ಹಾಗಾಗಿ ಓದುಗರಲ್ಲಿ ಒಂದು ಸಣ್ಣ ಮನವಿ. ಮುಂದಿನ ಸಲ ವೈದ್ಯರ ಚೀಟಿ ಹಿಡಿದೇ ಸೆಫಿಕ್ಸಿಮ್ ಕೊಳ್ಳಲು ಹೋದಾಗ, "ಎಚ್‌1 ರಿಜಿಸ್ಟರಿನಲ್ಲಿ ನನ್ನ ಹೆಸರು ಬರೆದುಕೊಳ್ಳಿ" ಎಂದು ಅಂಗಡಿಯವರಿಗೆ ಹೇಳಿ. ಬರೆಯುವುದು ಕಾನೂನಿನ ಪ್ರಕಾರ ಅವರ ಕೆಲಸ. ರಿಜಿಸ್ಟರ್ ಎಲ್ಲಿದೆ ಎಂದು ಹುಡುಕಲು ಅವರಿಗೆ ಒಂದಿಷ್ಟು ಸಮಯ ಕೊಡಿ.